ಕಾರಿಗೆ ಕನ್ನ ಹಾಕೋರು ಯಾರ್ಯಾರು

ಹೋದ ತಿಂಗಳು ನಮ್ಮ ಸೋದರಮಾವ ಒಂದು ಸೆಕೆಂಡ್ ಹ್ಯಾಂಡ್ ಕಾರ್ ನೋಡ್ಕೊಂಡ್ ಬರೋಣ ಬಾರೋ ಅಂತ ಕರ್ಕೊಂಡ್ ಹೋಗಿದ್ರು. ಮೀಟರಲ್ಲಿ 38 ಸಾವಿರ ಕಿಲೋಮೀಟರ್ ತೋರಿಸ್ತಿತ್ತು, ಆದ್ರೆ ಬ್ರೇಕ್ ಪೆಡಲ್ ರಬ್ಬರ್ ಮುಟ್ಟಿ ನೋಡಿದ್ರೆ ಗೆರೆಗಳೆಲ್ಲ ಸವೆದು ನುಣ್ಣಗಾಗಿಬಿಟ್ಟಿದೆ, ಸ್ಟೇರಿಂಗಲ್ಲಿ ಕೈ ಇಡೋ ಜಾಗ ಎಣ್ಣೆ ಹಚ್ಚಿದಂಗೆ ಹೊಳೀತಿದೆ. ಸರ್ವಿಸ್ ಹಿಸ್ಟರಿ ತೆಗೆಸಿದ್ರೆ ಎರಡು ವರ್ಷದ ಹಿಂದೇನೇ 91 ಸಾವಿರ ಓಡಿತ್ತು! "ಅಲ್ವೋ, ಇದು ಡಿಜಿಟಲ್ ಮೀಟರ್ ತಾನೆ, ಇದನ್ನೂ ತಿರುಗಿಸ್ತಾರಾ?" ಅಂದ್ರು ಮಾವ. ತಿರುಗಿಸ್ತಾರೆ. ಕೆಲವು ಗಾಡಿಗೆ ಸ್ಟೇರಿಂಗ್ ಕೆಳಗಿರೋ, ಮೆಕ್ಯಾನಿಕ್‌ಗಳು ಗಾಡಿ ಚೆಕ್ ಮಾಡೋಕೆ ಬಳಸೋ ಓಬಿಡಿ ಪೋರ್ಟಿಗೆ ಒಂದು ಡಬ್ಬಿ ಸಿಕ್ಕಿಸಿದ್ರೆ ಸಾಕು, ಇನ್ನು ಕೆಲವಕ್ಕೆ ಮೀಟರ್ ಬಿಚ್ಚಿ ಒಳಗಿರೋ ಚಿಪ್ಪಲ್ಲೇ ನಂಬರ್ ಬದಲಾಯಿಸ್ತಾರೆ.

ನಾನು ಬೆಂಗಳೂರಲ್ಲಿ ಕಾರಿನ ಸಾಫ್ಟ್‌ವೇರ್ ಟೆಸ್ಟ್ ಮಾಡೋ ಕೆಲಸದಲ್ಲಿರೋನು, ಅದಕ್ಕೆ ಮನೇಲಿ ಯಾರಾದ್ರೂ ಕಾರ್ ಹ್ಯಾಕಿಂಗ್ ಅಂದ್ರೆ ಸಾಕು 2015ರ ಜೀಪ್ ಚೆರೋಕಿ ಬಗ್ಗೇನೇ ಕೇಳ್ತಾರೆ. ಅಮೆರಿಕದ ಸೇಂಟ್ ಲೂಯಿಸಲ್ಲಿ ಹೈವೇ ಮೇಲೆ ಓಡ್ತಿದ್ದ ಗಾಡಿನ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಾಸೆಕ್ ಇಬ್ರೂ ಮೈಲಿಗಟ್ಟಲೆ ದೂರದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಮೊದ್ಲು ಏಸಿ, ವೈಪರ್ ಆನ್ ಮಾಡಿ ಆಮೇಲೆ ಆಕ್ಸಿಲರೇಟರ್ ಒತ್ತಿದ್ರೂ ಹೋಗದಂಗೆ ಮಾಡಿದ್ರು. 14 ಲಕ್ಷ ಗಾಡಿ ರೀಕಾಲ್ ಆಯ್ತು. ಆದ್ರೆ ಅವ್ರು ರಿಸರ್ಚರ್‌ಗಳು, ಕಂಪನಿಗೆ ಮೊದಲೇ ತಿಳಿಸಿದ್ರು, ಅವರನ್ನ ಕಳ್ಳರ ಸಾಲಲ್ಲಿ ನಿಲ್ಲಿಸೋದು ನನಗಂತೂ ಸರಿ ಕಾಣಲ್ಲ.

ಕಳ್ಳರು ಬೇರೆ ಥರ. 2022ರಲ್ಲಿ ಲಂಡನ್ನಲ್ಲಿ ಒಬ್ಬ ಕಾರ್ ಸೆಕ್ಯುರಿಟಿ ರಿಸರ್ಚರ್‌ದೇ ಟೊಯೊಟಾ ರಾವ್4 ಕಳುವಾಯ್ತು. ಅದಕ್ಕೂ ಮುಂಚೆ ಯಾರೋ ಬಂಪರ್ ಎಳೆದು ಹೆಡ್‌ಲೈಟ್ ವೈರ್ ಕಿತ್ತು ಹೋಗಿದ್ರಂತೆ, ಅವ್ರು ಪುಂಡ ಹುಡುಗರ ಕೆಲಸ ಇರ್ಬೇಕು ಅನ್ಕೊಂಡ್ರು. ಆಮೇಲೆ ಗೊತ್ತಾಯ್ತು, ಹೆಡ್‌ಲೈಟಿಗೆ ಹೋಗೋ ಕ್ಯಾನ್ ವೈರಿಂದಾನೇ, ಅಂದ್ರೆ ಕಾರೊಳಗಿನ ಚಿಕ್ಕ ಕಂಪ್ಯೂಟರ್‌ಗಳು ಒಂದಕ್ಕೊಂದು ಮೆಸೇಜ್ ಕಳಿಸೋ ವೈರಿಂದಾನೇ, ಒಳಗೆ ನುಗ್ಗಿದ್ದು ಅಂತ. ಬ್ಲೂಟೂತ್ ಸ್ಪೀಕರ್ ಥರ ಕಾಣೋ ಒಂದು ಡಬ್ಬಿನ ಆ ವೈರಿಗೆ ಸೇರಿಸಿದ್ರೆ "ಸರಿಯಾದ ಕೀ ಇಲ್ಲೇ ಇದೆ" ಅಂತ ಸುಳ್ಳು ಮೆಸೇಜ್ ಕಳಿಸುತ್ತೆ, ಕ್ಯಾನ್ ವೈರಲ್ಲಿ ಬಂದ ಮೆಸೇಜ್ ಕಳಿಸಿದ್ದು ಯಾರು ಅಂತ ಕಾರ್ ಕೇಳೋದೇ ಇಲ್ಲ, ಬಾಗಿಲು ತೆಗೆಯುತ್ತೆ. ಈ ಡಬ್ಬಿ ಬಳಸೋನಿಗೆ ಕೋಡಿಂಗ್ ಒಂದಕ್ಷರಾನೂ ಬರಬೇಕಾಗಿಲ್ಲ, ದುಡ್ಡು ಕೊಟ್ಟು ತಂದು ಬಟನ್ ಒತ್ತಿದ್ರೆ ಮುಗೀತು.

ನನಗೆ ಎಲ್ಲಕ್ಕಿಂತ ಭಯ ಅಂದ್ರೆ ಒಳಗಿನವರದ್ದು. 2010ರಲ್ಲಿ ಟೆಕ್ಸಸ್ಸಿನ ಆಸ್ಟಿನ್ನಲ್ಲಿ ಏನಾಯ್ತು ಅಂದ್ರೆ, ಒಬ್ಬ ಕಾರ್ ಡೀಲರ್ ಸಾಲದ ಕಂತು ಕಟ್ಟದೇ ಇರೋರ ಗಾಡಿ ಸ್ಟಾರ್ಟ್ ಆಗದಂಗೆ ದೂರದಿಂದಾನೇ ನಿಲ್ಸೋ ಸಿಸ್ಟಮ್ ಇಟ್ಕೊಂಡಿದ್ದ, ಅಲ್ಲೇ ಇದ್ದು ಕೆಲಸ ಕಳ್ಕೊಂಡ 20 ವರ್ಷದ ಹುಡುಗ ಒಬ್ಬ ಇನ್ನೊಬ್ಬ ಎಂಪ್ಲಾಯಿ ಲಾಗಿನ್ ಬಳಸಿ ಅದರೊಳಗೆ ಹೋಗಿ ನೂರಕ್ಕಿಂತ ಜಾಸ್ತಿ ಕಾರುಗಳನ್ನ ಕೆಡಿಸಿಟ್ಟ. ಕೆಲವು ಸ್ಟಾರ್ಟೇ ಆಗ್ಲಿಲ್ಲ, ಕೆಲವಂತೂ ಹಾರ್ನ್ ಹೊಡ್ಕೋತಾನೇ ಇದ್ವು, ಬ್ಯಾಟರಿ ವೈರ್ ಕಿತ್ತಮೇಲೇ ನಿಂತಿದ್ದು. ಕಂತು ಸರಿಯಾಗಿ ಕಟ್ತಿದ್ದೋರೂ ಅವತ್ತು ಕೆಲಸಕ್ಕೆ ಹೋಗೋಕಾಗ್ಲಿಲ್ಲ. ಅಲ್ಲಿ ಬೇಕಾಗಿದ್ದು ಬರೀ ಒಂದು ಪಾಸ್‌ವರ್ಡ್. ಈಗ ಆಪ್ ಇರೋ ಪ್ರತಿ ಕಾರಿನ ಹಿಂದೇನೂ ಒಂದು ಸರ್ವರ್ ಇದೆ, ಅದಕ್ಕೆ ಲಾಗಿನ್ ಇರೋ ಯಾರೋ ಎಲ್ಲೋ ಕೂತಿದಾರೆ, ಅವರು ಕೆಲಸ ಬಿಟ್ಟ ದಿನಾನೇ ಆ ಲಾಗಿನ್ ಕಿತ್ತುಹಾಕ್ತಾರಾ ಅನ್ನೋದನ್ನ ಶೋರೂಮಲ್ಲಿ ಯಾರೂ ಕೇಳಲ್ಲ, ಮೈಲೇಜ್ ಮಾತ್ರ ಕೇಳ್ತಾರೆ.

ಆ 38 ಸಾವಿರದ ಕಾರ್ ಬಿಟ್ವಿ. ಮಾವ ಈಗ ಇನ್ನೊಂದು ನೋಡಿದಾರೆ, ಮೊಬೈಲ್ ಆಪಲ್ಲೇ ಡೋರ್ ಲಾಕ್ ತೆಗೆಯೋದು, ಗಾಡಿ ಎಲ್ಲಿದೆ ಅಂತ ನೋಡೋದು ಎಲ್ಲಾ ಇದೆ. ಹಳೇ ಓನರ್ ತಮ್ಮ ಅಕೌಂಟಿಂದ ಆ ಕಾರನ್ನ ತೆಗೀದೇ ಇದ್ರೆ, ನಾಳೆ ಅದು ನಮ್ಮತ್ತೆ ಜೊತೆ ಎಲ್ಲೆಲ್ಲಿ ಹೋಗುತ್ತೆ ಅನ್ನೋದು ಅವರ ಫೋನಲ್ಲೂ ಕಾಣುತ್ತೆ. ಅದಕ್ಕೇ ಭಾನುವಾರ ಹೋದಾಗ ಅವರ ಪಕ್ಕದಲ್ಲೇ ನಿಂತು ಕಾರನ್ನ ಆಪಿಂದ ತೆಗೆಸಿ, ನಮ್ಮ ಫೋನಲ್ಲಿ ಹೊಸದಾಗಿ ರಿಜಿಸ್ಟರ್ ಮಾಡಿ, ಇರೋ ಎರಡೂ ಕೀ ಕೈಗೆ ಬಂದಮೇಲೇ ದುಡ್ಡು ಕೊಡಿ ಅಂತ ಮಾವಂಗೆ ಹೇಳಿದೀನಿ.