ಮೆಲ್ಬರ್ನ್‌ನಿಂದ ಸಿಡ್ನಿಗೆ ಕರಾವಳಿಯ ದಾರಿ: ಗದ್ದಲವಿಲ್ಲದ ಬಿಡಾರಗಳ ಹುಡುಕಾಟ ಈವರೆಗೆ

ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಿಂದ ಸಿಡ್ನಿಗೆ ಕರಾವಳಿಯ ದಾರಿ ಹಿಡಿದು ಹೋಗುವ ನಮ್ಮ ಯೋಜನೆಯು ನಕ್ಷೆ ನೋಡುವ ಹಂತವನ್ನು ದಾಟಿ, ಒಂದೊಂದೇ ಜಾಗವನ್ನು ಕಣ್ಣಾರೆ ನೋಡಿ ಬರುವ ಹಂತಕ್ಕೆ ಬಂದಿದೆ. ಒಳನಾಡಿನ ಹ್ಯೂಮ್ ಹೆದ್ದಾರಿಯಲ್ಲಿ ಹೋದರೆ ಸುಮಾರು 880 ಕಿ.ಮೀ. ದೂರ, ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಸಿಡ್ನಿ ಸೇರಬಹುದು. ಪ್ರಿನ್ಸಸ್ ಹೆದ್ದಾರಿಯಲ್ಲಿ ಗಿಪ್ಸ್‌ಲ್ಯಾಂಡ್, ಈಡನ್, ನರೂಮ, ಬೇಟ್‌ಮನ್ಸ್ ಬೇ ಎಂದು ಬಳಸಿಕೊಂಡು ಹೋದರೆ ಅದೇ ದೂರ ಸಾವಿರ ಕಿ.ಮೀ. ಮೀರುತ್ತದೆ, ಆದರೆ ಆ ದಾರಿಯಲ್ಲಿ ಸಮುದ್ರವೂ ಕಾಡೂ ಸಿಗುತ್ತವೆ.

ಜೊತೆಗೆ ಕುಮಟಾದಿಂದ ಅಪ್ಪ ಮತ್ತು ಆಯಿ ಬರುತ್ತಿದ್ದಾರೆ. ಆಯಿಯ ಷರತ್ತು ಒಂದೇ: ರಾತ್ರಿ ನಡೆದು ಹೋಗುವಷ್ಟು ಹತ್ತಿರದಲ್ಲಿ ಶೌಚಾಲಯ ಇರಬೇಕು. ಅಪ್ಪನದೂ ಒಂದೇ: ಜನಜಂಗುಳಿ ಇರಬಾರದು. “ಗಲಾಟೆಯೇ ಬೇಕಿದ್ದರೆ ಗೋಕರ್ಣಕ್ಕೆ ಹೋದರೆ ಸಾಕಿತ್ತಲ್ಲ ಮಾರಾಯ” ಎಂದು ಫೋನಿನಲ್ಲಿ ಹೇಳಿದ್ದಾರೆ. ಇವೆರಡೂ ಒಂದಕ್ಕೊಂದು ಅಡ್ಡ ಬರುವ ಬೇಡಿಕೆಗಳು, ಏಕೆಂದರೆ ಈ ದೇಶದಲ್ಲಿ ಶೌಚಾಲಯ ಕಟ್ಟಿದ ಜಾಗಕ್ಕೆ ಜನರೂ ಬರುತ್ತಾರೆ. ಈ ಹುಡುಕಾಟವೆಲ್ಲ ಆ ಎರಡರ ನಡುವಿನ ಸಂದಿಯಲ್ಲಿ ನಡೆದಿದೆ.

ನಕ್ಷೆಯ ಕೆಲಸ

ದೂರ ಹೋದಷ್ಟೂ ಶಾಂತಿ ಹೆಚ್ಚುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನು ನಾನು ಮೊದಲೇ ಬದಿಗಿಟ್ಟೆ. ಪಟ್ಟಣದಿಂದ ಬಲುದೂರದಲ್ಲಿದ್ದರೂ ಡಾಂಬರು ರಸ್ತೆಯ ಕೊನೆಯಲ್ಲಿರುವ ಕಡಲತೀರಕ್ಕೆ ದೊಡ್ಡ ಕ್ಯಾರವಾನ್‌ಗಳು (ಕಾರಿನ ಹಿಂದೆ ಎಳೆಯುವ ಮನೆಗಾಡಿಗಳು) ಸಲೀಸಾಗಿ ಬರುತ್ತವೆ, ಮತ್ತು ಕ್ಯಾರವಾನ್ ಬಂದಲ್ಲಿ ಜನರೇಟರ್ ಬರುವ ಸಂಭವವೂ ಹೆಚ್ಚು. ಆದ್ದರಿಂದ ಪ್ರತಿ ಜಾಗಕ್ಕೂ ನಾನು ಮೊದಲು ಕೇಳಿಕೊಳ್ಳುವುದು ಅದು ಎಷ್ಟು ದೂರ ಎಂದಲ್ಲ, ಅಲ್ಲಿಗೆ ಯಾವ ವಾಹನ ಬರಲಾರದು ಎಂದು. ಕೊನೆಯ ಕೆಲವು ಕಿಲೋಮೀಟರ್ ಜಲ್ಲಿ ರಸ್ತೆಯೇ, ತಿರುವುಗಳು ಇಕ್ಕಟ್ಟೇ, ಗಾಡಿ ತಿರುಗಿಸಲು ಜಾಗವಿದೆಯೇ, ಡೇರೆಯ ತಾಣ ಕಾರು ನಿಲ್ಲಿಸುವ ಜಾಗದಿಂದ ಬೇರೆಯಾಗಿದೆಯೇ ಎಂಬುದನ್ನು ಉದ್ಯಾನ ಇಲಾಖೆಗಳ ಪ್ರಕಟಣೆಗಳಿಂದಲೂ ನ್ಯೂ ಸೌತ್ ವೇಲ್ಸ್‌ನ ಸಿಕ್ಸ್ ಮ್ಯಾಪ್ಸ್‌ನಂಥ ಸರ್ಕಾರಿ ನಕ್ಷೆಗಳಿಂದಲೂ ತಿಳಿಯಬಹುದು. ಉಪಗ್ರಹದ ಚಿತ್ರವನ್ನು ಹಿಗ್ಗಿಸಿ ಮರಗಳ ನಡುವೆ ಬಿಳಿಯ ಆಯತಗಳು ಎಷ್ಟಿವೆ ಎಂದು ನೋಡುವುದು ಇನ್ನೊಂದು ಉಪಾಯ. ಆ ಆಯತಗಳೆಲ್ಲ ಕ್ಯಾರವಾನ್‌ಗಳ ಮಾಡುಗಳು. ಚಿತ್ರ ಯಾವ ತಿಂಗಳಿನದು ಎಂಬುದನ್ನೂ ಗಮನಿಸಬೇಕು, ಇಲ್ಲಿನ ಬೇಸಿಗೆ ರಜೆಯ ಜನವರಿಯ ಚಿತ್ರವನ್ನು ನೋಡಿ ಅಕ್ಟೋಬರನ್ನು ಅಳೆಯಬಾರದು.

ಮುಂಗಡ ಕಾಯ್ದಿರಿಸುವ ಪಟ್ಟಿಯಿಂದಲೂ ಸುಳಿವು ಸಿಗುತ್ತದೆ. ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ ಈಗ ಕಾಯ್ದಿರಿಸದೆ ಬಿಡಾರ ಹೂಡುವಂತಿಲ್ಲ. ವಾರದ ನಡುವಿನ ದಿನಗಳಿಗೂ ಒಂದು ತಾಣ ತುಂಬಿದಂತೆ ಕಾಣುತ್ತಿದ್ದರೆ ಅದನ್ನು ಕೈಬಿಡುತ್ತೇನೆ. ಇದರಲ್ಲಿ ಒಂದು ಮೋಸವಿದೆ: ಕಾಯ್ದಿರಿಸಿ ಬಾರದೇ ಇರುವವರ ಹಾವಳಿ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಎರಡೂ ರಾಜ್ಯಗಳಲ್ಲಿ ಇದೆ, ಹೀಗಾಗಿ ಪಟ್ಟಿಯಲ್ಲಿ ತುಂಬಿದ ತಾಣ ಸಂಜೆ ಅರ್ಧ ಖಾಲಿ ಬಿದ್ದಿರುವುದೂ ಉಂಟು. ಶಾಂತಿ ಹುಡುಕುವವರಿಗೆ ಅದು ಲಾಭವೇ ಆದರೂ ಜಾಗ ಸಿಗದೆ ಮನೆಯಲ್ಲಿ ಉಳಿದವರ ದೃಷ್ಟಿಯಿಂದ ನನಗೆ ಅದು ಸರಿಯೆನಿಸುವುದಿಲ್ಲ.

ದಿನಾಂಕದ ಲೆಕ್ಕ

ಜಾಗಕ್ಕಿಂತ ದಿನಾಂಕವೇ ಮುಖ್ಯವೆಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಬೇಟ್‌ಮನ್ಸ್ ಬೇ ಸುತ್ತಲಿನ ತೀರವು ಕ್ಯಾನ್‌ಬೆರಾದವರಿಗೆ ಹತ್ತಿರದ ಕಡಲು. ಕಿಂಗ್ಸ್ ಹೆದ್ದಾರಿ ಇಳಿದರೆ ಅವರು ಅಲ್ಲಿರುತ್ತಾರೆ. ಸಿಡ್ನಿಯವರು ಉತ್ತರದಿಂದಲೂ ಮೆಲ್ಬರ್ನಿನವರು ಪಶ್ಚಿಮದಿಂದಲೂ ಬರುತ್ತಾರೆ. ಆದ್ದರಿಂದ ಎರಡು ರಾಜ್ಯಗಳ ಮತ್ತು ರಾಜಧಾನಿ ಪ್ರಾಂತ್ಯದ ರಜಾಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕಾಯಿತು. ವಸಂತದ ಶಾಲಾ ರಜೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಹರಡಿಕೊಂಡಿದೆ. ಅಕ್ಟೋಬರ್ ಮೊದಲ ಸೋಮವಾರ ನ್ಯೂ ಸೌತ್ ವೇಲ್ಸ್ ಮತ್ತು ಕ್ಯಾನ್‌ಬೆರಾದಲ್ಲಿ ಕಾರ್ಮಿಕ ದಿನದ ರಜೆ. ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್ ಕುದುರೆ ಪಂದ್ಯದ ರಜೆ, ಅದಕ್ಕೆ ಅಂಟಿಕೊಂಡು ಸೋಮವಾರವೂ ರಜೆ ಹಾಕುವವರು ಬಹಳ. ಇವುಗಳ ನಡುವೆ ಉಳಿಯುವುದು ಅಕ್ಟೋಬರ್ ಮಧ್ಯದಿಂದ ತಿಂಗಳ ಕೊನೆಯವರೆಗಿನ ಅವಧಿ, ಅದರಲ್ಲೂ ಭಾನುವಾರ ಸಂಜೆಯಿಂದ ಗುರುವಾರದವರೆಗಿನ ರಾತ್ರಿಗಳು. ದಕ್ಷಿಣಕ್ಕೆ ಮರಳುವ ತಿಮಿಂಗಿಲಗಳು ಮರಿಗಳೊಂದಿಗೆ ಈಡನ್ ಎದುರಿನ ನೀರಿನಲ್ಲಿ ಹಾದುಹೋಗುವುದೂ ಈ ಕಾಲದಲ್ಲೇ.

ಈ ಅವಧಿಗೆ ಒಂದು ತೊಡಕಿದೆ. ವಿಕ್ಟೋರಿಯಾದ ಸರ್ಕಾರಿ ಅರಣ್ಯಗಳಲ್ಲಿ ಮಣ್ಣಿನ ದಾರಿಗಳು ಮಳೆಗೆ ಹಾಳಾಗದಿರಲೆಂದು ಜೂನ್ ತಿಂಗಳ ರಾಜನ ಜನ್ಮದಿನದ ರಜೆ ಮುಗಿದ ಮೇಲೆ ಅನೇಕ ದಾರಿಗಳ ಗೇಟುಗಳನ್ನು ಮುಚ್ಚುತ್ತಾರೆ, ಸಾಮಾನ್ಯವಾಗಿ ಮೆಲ್ಬರ್ನ್ ಕಪ್ ವಾರಾಂತ್ಯದ ಹೊತ್ತಿಗೆ ತೆರೆಯುತ್ತಾರೆ. ಅಂದರೆ ಜನರಿಲ್ಲದ ವಾರಗಳಲ್ಲೇ ಕಾಡಿನ ಒಳದಾರಿಗಳೂ ಮುಚ್ಚಿರುತ್ತವೆ. ಹೀಗಾಗಿ ಕಾಡಿನ ರಾತ್ರಿಗಳಿಗೆ ವರ್ಷವಿಡೀ ತೆರೆದಿರುವ ಜಲ್ಲಿ ರಸ್ತೆಗಳ ಪಕ್ಕದ ತಾಣಗಳನ್ನಷ್ಟೇ ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇನೆ. ವಿಕ್ಟೋರಿಯಾ ತನ್ನ ಸರ್ಕಾರಿ ನೈಸರ್ಗಿಕ ಅರಣ್ಯಗಳಲ್ಲಿ ವಾಣಿಜ್ಯ ಕಟಾವನ್ನು 2024ರ ಜನವರಿ 1ರಿಂದ ನಿಲ್ಲಿಸಿರುವುದರಿಂದ ನಸುಕಿನಲ್ಲಿ ಮರದ ಲಾರಿಗಳ ಸದ್ದಿಗೆ ಏಳಬೇಕಾದ ಭಯ ಪೂರ್ವ ಗಿಪ್ಸ್‌ಲ್ಯಾಂಡ್‌ನಲ್ಲಿ ಕಡಿಮೆಯಾಗಿದೆ. ಗಡಿ ದಾಟಿ ನ್ಯೂ ಸೌತ್ ವೇಲ್ಸ್‌ಗೆ ಬಂದ ಮೇಲೆ ಆ ಭರವಸೆ ಇಲ್ಲ. ಈಡನ್‌ನ ದಕ್ಷಿಣದ ಎಡ್ರಮ್ ರಸ್ತೆಯಲ್ಲಿ ಮರದ ಲಾರಿಗಳು ಓಡಾಡುತ್ತವೆ.

ನೋಡಿ ಬಂದ ಜಾಗಗಳು

ನೈಂಟಿ ಮೈಲ್ ಬೀಚ್‌ನಲ್ಲಿ ಗೋಲ್ಡನ್ ಬೀಚ್ ಮತ್ತು ಸೀಸ್ಪ್ರೇ ಊರುಗಳ ನಡುವೆ ಮರಳುದಿಬ್ಬಗಳ ಹಿಂದೆ ಶುಲ್ಕವಿಲ್ಲದ ತಾಣಗಳ ಸಾಲೇ ಇದೆ. ಶುಲ್ಕವಿಲ್ಲದ ಕಡೆ ಜನ ಹೆಚ್ಚು ಎಂದು ನಾನು ಇದನ್ನು ತಳ್ಳಿಹಾಕುವವನಿದ್ದೆ. ಆದರೆ ತಾಣಗಳು ಒಂದೇ ಕಡೆ ಗುಂಪುಗೂಡದೆ ರಸ್ತೆಯುದ್ದಕ್ಕೂ ಬಿಡಿಬಿಡಿಯಾಗಿ ಇರುವುದರಿಂದ ನೆರೆಹೊರೆಯ ಮಾತು ಕಿವಿಗೆ ಬೀಳುವುದಿಲ್ಲ. ಕಿವಿಗೆ ಬೀಳುವುದು ಕಡಲು. ದಿಬ್ಬದ ಆಚೆ ಇಡೀ ರಾತ್ರಿ ಅಲೆಯ ಮೊರೆತ ನಿಲ್ಲುವುದೇ ಇಲ್ಲ. ಕಡಲ ಪಕ್ಕ ಹುಟ್ಟಿ ಬೆಳೆದ ಅಪ್ಪನಿಗೆ ಅದು ಜೋಗುಳ, ನನ್ನ ಹೆಂಡತಿಗೆ ಹೆದ್ದಾರಿಯ ಪಕ್ಕ ಮಲಗಿದ ಹಾಗೆ. ನೀರಿನ ಸೆಳೆತ ಬಲವಾಗಿರುವ ಈ ತೀರದಲ್ಲಿ ಈಜುವ ಮಾತಂತೂ ಇಲ್ಲ. ಮೊದಲ ರಾತ್ರಿಗೆ ಇದನ್ನು ಇಟ್ಟುಕೊಂಡಿದ್ದೇವೆ.

ಕೇಪ್ ಕಾನ್ರನ್‌ನ ಬ್ಯಾಂಕ್ಸಿಯಾ ಬ್ಲಫ್ ತಾಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮರಗಳ ಮರೆ ಚೆನ್ನಾಗಿದೆ, ಶೌಚಾಲಯವಿದೆ, ಕಡಲು ಹತ್ತಿರ. ಎಲ್ಲ ಅನುಕೂಲ ಇರುವುದರಿಂದಲೇ ಎಲ್ಲರೂ ಬರುತ್ತಾರೆ. ವಾರದ ನಡುವೆ ಮಾತ್ರ ಸೈ.

ನನ್ನ ಮನಸ್ಸು ನಿಂತಿರುವುದು ಕ್ರೋಅಜಿಂಗಲಾಂಗ್ ರಾಷ್ಟ್ರೀಯ ಉದ್ಯಾನದ ವಿಂಗನ್ ಇನ್ಲೆಟ್‌ನಲ್ಲಿ. ನಮ್ಮ ಕರಾವಳಿಯವರು ಅಳಿವೆ ಎನ್ನುವ ಜಾಗವೇ ಇದು: ಕಾಡಿನಿಂದ ಬಂದ ಹೊಳೆ ಮರಳಿನ ದಂಡೆಯ ಹಿಂದೆ ಅಗಲವಾಗಿ ನಿಂತು, ಕಿರಿದಾದ ಬಾಯಿಯಿಂದ ಸಮುದ್ರ ಸೇರುತ್ತದೆ. ಹೆದ್ದಾರಿ ಬಿಟ್ಟ ಮೇಲೆ ಉದ್ದಕ್ಕೂ ಕಚ್ಚಾ ರಸ್ತೆ, ಕ್ಯಾರವಾನ್‌ಗಳಿಗೆ ಯೋಗ್ಯವಲ್ಲದ್ದು. ತಾಣ ಹಿನ್ನೀರಿನ ಬದಿಗೆ ಇರುವುದರಿಂದ ಅಲೆಯ ಅಬ್ಬರ ದೂರದಲ್ಲಿ ಮೆಲ್ಲನೆ ಕೇಳುತ್ತದೆಯೇ ಹೊರತು ಮಾತಿಗೆ ಅಡ್ಡ ಬರುವುದಿಲ್ಲ. ಎದುರಿನ ಸ್ಕೆರೀಸ್ ಬಂಡೆಗಳ ಮೇಲೆ ಸೀಲ್‌ಗಳ ವಸತಿ ಇದೆ. ಮೊಬೈಲ್ ಸಂಪರ್ಕ ಸಿಗುವುದಿಲ್ಲ. ಅದಕ್ಕಾಗಿ ತುರ್ತು ಸಂಕೇತ ಕಳುಹಿಸುವ ಸಾಧನವನ್ನು ಬಾಡಿಗೆಗೆ ತರುತ್ತಿದ್ದೇವೆ. ಆಯಿಯ ಷರತ್ತನ್ನು ಪೂರೈಸುವ ಗುಂಡಿ ಶೌಚಾಲಯವಿದೆ. ಅಳಿವೆಯ ದಡದಲ್ಲಿ ಕುಳಿತು ಉಬ್ಬರ ಏರುವುದನ್ನು ನೋಡುತ್ತ ಅಪ್ಪ ಒಂದಿಡೀ ದಿನ ಕಳೆಯುತ್ತಾರೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಈ ಭಾಗದಲ್ಲಿ ಶಾಂತಿಗೆ ಕಾರಣವಾದ ಒಂಟಿ ದಾರಿಯೇ ಅಪಾಯಕ್ಕೂ ಕಾರಣವಾಗುತ್ತದೆ. ಇಲ್ಲಿಗೆ ಹತ್ತಿರದ ಮಲ್ಲಕೂಟ ಪಟ್ಟಣದಲ್ಲಿ 2019ರ ಡಿಸೆಂಬರ್ 31ರಂದು ಕಾಳ್ಗಿಚ್ಚು ಸುತ್ತುವರಿದು, ಸಾವಿರಾರು ಜನ ನೀರಿನ ಅಂಚಿನಲ್ಲಿ ಆಶ್ರಯ ಪಡೆಯಬೇಕಾಯಿತು. ಮುಂದೆ ಜನವರಿಯಲ್ಲಿ ನೌಕಾಪಡೆಯ ಚೌಲ್ಸ್ ಹಡಗು ನೂರಾರು ಜನರನ್ನು ಸಮುದ್ರದ ಮೂಲಕ ಕರೆದೊಯ್ದಿತು. ಆದ್ದರಿಂದ ನನ್ನ ನಕ್ಷೆಯಲ್ಲಿ ಒಂದೇ ದಾರಿಯ ತಾಣಗಳಿಗೆಲ್ಲ ಕೆಂಪು ಗುರುತು ಇದೆ. ದೇಶಕ್ಕೆಲ್ಲ ಒಂದೇ ರೀತಿಯದಾಗಿ 2022ರಿಂದ ಜಾರಿಯಲ್ಲಿರುವ ಬೆಂಕಿ ಅಪಾಯದ ನಾಲ್ಕು ಹಂತಗಳಲ್ಲಿ ಮೂರನೆಯದಾದ ‘ಎಕ್ಸ್‌ಟ್ರೀಮ್’ ಮುನ್ಸೂಚನೆ ಬಂದರೂ ಸಾಕು, ಅಂಥ ಜಾಗದ ಕಾಯ್ದಿರಿಸಿದ ಹಣ ಹೋದರೂ ಸರಿ, ನಾವು ಹೆದ್ದಾರಿಯ ಪಟ್ಟಣದಲ್ಲೇ ಉಳಿಯುತ್ತೇವೆ. ಅಕ್ಟೋಬರ್‌ನಲ್ಲಿ ಅದು ಅಪರೂಪವೆಂಬುದು ನಿಜ, ಆದರೂ ನಿಯಮವನ್ನು ಈಗಲೇ ಬರೆದಿಟ್ಟರೆ ಅಲ್ಲಿ ಹೋಗಿ ಚರ್ಚೆ ಮಾಡಬೇಕಾಗುವುದಿಲ್ಲ.

ಗಡಿಯ ಆಚೆ, ಹಿಂದೆ ಬೆನ್ ಬಾಯ್ಡ್ ಎಂದಿದ್ದು 2022ರಲ್ಲಿ ಬಿಯೋವಾ ಎಂದು ಮರುನಾಮಕರಣಗೊಂಡ ಉದ್ಯಾನದಲ್ಲಿ ಬಿಟ್ಟಂಗಬೀ ಕೊಲ್ಲಿ ಮತ್ತು ಸಾಲ್ಟ್‌ವಾಟರ್ ಕ್ರೀಕ್ ಎಂಬ ಎರಡು ತಾಣಗಳನ್ನು ಹೋಲಿಸಿ ನೋಡಿದೆವು. ಎರಡೂ ‘ಲೈಟ್ ಟು ಲೈಟ್’ ಕಾಲುದಾರಿಯಲ್ಲಿರುವುದರಿಂದ ನಡೆದು ಬರುವವರು ಸಂಜೆಗೆ ಬಂದು ಬೇಗ ಮಲಗುತ್ತಾರೆ. ದಣಿದವರಿಗಿಂತ ಒಳ್ಳೆಯ ನೆರೆಯವರಿಲ್ಲ. ಸಾಲ್ಟ್‌ವಾಟರ್ ಚಿಕ್ಕದು, ನನಗೆ ಹಿಡಿಸಿದ್ದು ಅದೇ. ಇನ್ನೂ ಉತ್ತರಕ್ಕೆ, 1863ರಲ್ಲಿ ಇಲ್ಲಿ ಬಂಡೆಗೆ ಬಡಿದ ಮಿಮೋಸಾ ಹಡಗಿನ ಹೆಸರು ಹೊತ್ತ ಮಿಮೋಸಾ ರಾಕ್ಸ್ ಉದ್ಯಾನದ ಅರಗನ್ನು ತಾಣದಲ್ಲಿ ದಡದ ಒಂದು ಭಾಗ ಉರುಟು ಕಲ್ಲುಗಳದು. ಅಲೆ ಹಿಂದೆ ಸರಿದಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಸದ್ದು ಮಾಡುತ್ತವೆ. ಇದು ಗದ್ದಲವೋ ಸಂಗೀತವೋ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ನಾನು ಸಂಗೀತದ ಪಕ್ಷ.

ಬಿಡಾರದ ಒಳಗಿನ ಆಯ್ಕೆ

ತಾಣ ತಲುಪಿದ ಮೇಲೂ ಎಲ್ಲಿ ಡೇರೆ ಹಾಕಬೇಕು ಎಂಬುದರ ಮೇಲೆ ರಾತ್ರಿಯ ನಿದ್ದೆ ನಿಂತಿದೆ. ಶೌಚಾಲಯಕ್ಕೆ ತೀರ ಹತ್ತಿರವಿದ್ದರೆ ಬಾಗಿಲು ಬಡಿಯುವ ಸದ್ದು, ಟಾರ್ಚಿನ ಬೆಳಕು; ಪ್ರವೇಶದ ಬಳಿ ಇದ್ದರೆ ತಡವಾಗಿ ಬರುವವರ ಗಾಡಿಯ ದೀಪ. ಪ್ರವೇಶದಿಂದ ದೂರದ ತುದಿಯಲ್ಲಿ, ಶೌಚಾಲಯದಿಂದ ಒಂದು ತಿರುವಿನಷ್ಟು ಆಚೆಗೆ ಇರುವ ಜಾಗವನ್ನು ಆರಿಸಿಕೊಳ್ಳುತ್ತಿದ್ದೇವೆ. ದೊಡ್ಡ ನೀಲಗಿರಿ ಜಾತಿಯ ಮರಗಳ ಕೆಳಗೆ ಮಾತ್ರ ಎಂದೂ ಮಲಗುವುದಿಲ್ಲ. ಕೋಲಾರದ ನೆಡುತೋಪುಗಳಲ್ಲಿ ಕಡ್ಡಿಯಂತೆ ನೆಟ್ಟಗೆ ನಿಂತ ನೀಲಗಿರಿಯನ್ನಷ್ಟೇ ನೋಡಿದವರಿಗೆ ಅದರ ತವರಿನಲ್ಲಿ ಗಾಳಿಯೇ ಇಲ್ಲದ ದಿನವೂ ತೊಲೆಯಷ್ಟು ದಪ್ಪದ ಕೊಂಬೆ ಕಳಚಿ ಬೀಳುತ್ತದೆ ಎಂಬುದು ಹೊಳೆಯುವುದಿಲ್ಲ. ಗಾಳಿಯ ಲೆಕ್ಕವೂ ಬೇಕು: ಈ ಕರಾವಳಿಯಲ್ಲಿ ಬಿಸಿಲಿನ ದಿನದ ಕೊನೆಗೆ ದಕ್ಷಿಣದ ಗಾಳಿ ಥಟ್ಟನೆ ನುಗ್ಗುತ್ತದೆ, ಆ ಬದಿಗೆ ಪೊದೆಯ ಅಥವಾ ದಿಬ್ಬದ ಆಸರೆ ಇರಬೇಕು.

ನ್ಯೂ ಸೌತ್ ವೇಲ್ಸ್‌ನ ಉದ್ಯಾನಗಳಲ್ಲಿ ಬಿದ್ದ ಸೌದೆಯನ್ನೂ ಆರಿಸುವಂತಿಲ್ಲ. ವಿಕ್ಟೋರಿಯಾದ ಸರ್ಕಾರಿ ಅರಣ್ಯದಲ್ಲಿ ಬೆಂಕಿ ಹಾಕಬೇಕಾದರೆ ಕಟ್ಟಿದ ಒಲೆಯಲ್ಲಿ ಅಥವಾ ಕನಿಷ್ಠ 30 ಸೆಂ.ಮೀ. ಆಳದ ಗುಂಡಿಯಲ್ಲಿ ಹಾಕಿ, ಸುತ್ತ 3 ಮೀಟರ್ ಜಾಗ ಶುದ್ಧ ಮಾಡಿರಬೇಕು. ಇಷ್ಟೆಲ್ಲ ರಗಳೆ ಬೇಡವೆಂದು ಅಡುಗೆಗೆ ಗ್ಯಾಸ್ ಒಲೆಯನ್ನೇ ನೆಚ್ಚಿಕೊಂಡಿದ್ದೇವೆ. ಬೆಳಗಿನ ಅವಲಕ್ಕಿಗೆ ಅದೂ ಬೇಕಿಲ್ಲ. ರಾತ್ರಿ ಓಡಾಡುವ ಪಾಸಮ್ ಎಂಬ ಮರವಾಸಿ ಪ್ರಾಣಿಗಳ ಮತ್ತು ಉಡದ ಜಾತಿಯ ಗೊಆನ್ನಾಗಳ ಕಾಟವಿರುವುದರಿಂದ ತಿನಿಸಿನ ಡಬ್ಬಿಗಳೆಲ್ಲ ರಾತ್ರಿ ಕಾರಿನೊಳಗೆ.

ಬಾಕಿ ಉಳಿದದ್ದು

ಬೇಟ್‌ಮನ್ಸ್ ಬೇ ಬಳಿಯ ಮರಮರಾಂಗ್ ಉದ್ಯಾನವನ್ನು ಇನ್ನೂ ನೋಡಿಲ್ಲ. ಕಾಂಗರೂಗಳು ಕಡಲಂಚಿಗೇ ಬರುವ ಪೆಬ್ಲಿ ಬೀಚ್ ಹೆಸರುವಾಸಿಯಾದಷ್ಟಕ್ಕೇ ನನಗೆ ಅನುಮಾನ. ಡೆಪೋ ಬೀಚ್ ಮತ್ತು ಪ್ರಿಟಿ ಬೀಚ್‌ಗಳನ್ನು ಹೋಗಿ ನೋಡಿ ನಿರ್ಧರಿಸಬೇಕು. ಕ್ಯಾನ್ ರಿವರ್‌ನಿಂದ ಗಡಿಯವರೆಗಿನ ಕಾಡಿನ ಒಂದು ರಾತ್ರಿಗೆ ಎರಡು ತಾಣಗಳು ಪಟ್ಟಿಯಲ್ಲಿವೆ. ಈ ವರ್ಷದ ಗೇಟು ತೆರೆಯುವ ದಿನಾಂಕ ಪ್ರಕಟವಾದ ಮೇಲೆ ಒಂದನ್ನು ಉಳಿಸಿಕೊಳ್ಳುತ್ತೇನೆ. ವಿಂಗನ್‌ಗೆ ಎರಡು ರಾತ್ರಿಗಳನ್ನು ಕಾಯ್ದಿರಿಸಿಯಾಗಿದೆ. ಮಳೆ ಬಂದು ಆ ರಸ್ತೆ ಮುಚ್ಚಿದರೆ ಹೆದ್ದಾರಿಯಿಂದಾಚೆ ಎಲ್ಲಿ ತಂಗುವುದು ಎಂಬ ಪ್ರಶ್ನೆಗೆ ಆಯಿ ಈಗಾಗಲೇ ಉತ್ತರ ಕೊಟ್ಟಿದ್ದಾರೆ: ಬಿಸಿನೀರು ಬರುವ ಮೋಟೆಲು.