ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಯಾಕೆ?

"ಅವರು ಒಂದು ತೊಟ್ಟು ಕುಡಿದವರಲ್ಲ. ಹೆಪಟೈಟಿಸ್ ಬಿ ಇತ್ತು ಅಷ್ಟೇ. ಜಾಂಡೀಸ್ ತರೋ ವೈರಸ್ ತಾನೇ, ಕ್ಯಾನ್ಸರ್ ಹೇಗಾಯ್ತು?" ಜೀವಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ಮದುವೆಮನೆಯಲ್ಲೂ ಎದುರಾಗುತ್ತದೆ.

ಮೊದಲು ಎಲ್ಲರೂ ಹೇಳುವ ಅರ್ಧ ಉತ್ತರ. ಈ ವೈರಸ್ ಲಿವರ್ ಜೀವಕೋಶಗಳನ್ನು ನೇರವಾಗಿ ಕೊಲ್ಲುವುದಿಲ್ಲ. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವುದು ಹೆಚ್ಚಾಗಿ ನಮ್ಮದೇ ರೋಗನಿರೋಧಕ ಕೋಶಗಳು. ಸತ್ತ ಜಾಗಕ್ಕೆ ಹೊಸ ಕೋಶ ಹುಟ್ಟಬೇಕು. ವರ್ಷಗಟ್ಟಲೆ ಇದೇ ನಡೆದರೆ ಡಿಎನ್‌ಎ ನಕಲು ಮಾಡುವಾಗ ಎಲ್ಲೋ ಎಡವಟ್ಟಾಗಿ ಕ್ಯಾನ್ಸರಿಗೆ ದಾರಿಯಾಗಬಹುದು.

ನನಗೆ ಜಾಸ್ತಿ ಕುತೂಹಲ ಇರುವುದು ಉಳಿದರ್ಧದಲ್ಲಿ. ಈ ವೈರಸ್ಸಿನ ಡಿಎನ್‌ಎ ಸುಮಾರು 3,200 ಅಕ್ಷರ, ಜೀನ್ ನಾಲ್ಕೇ. ಅದರಲ್ಲೊಂದು ಎಚ್‌ಬಿಎಕ್ಸ್ ಎಂಬ ಪ್ರೋಟೀನ್ ಮಾಡುತ್ತದೆ. 154 ಅಮೈನೋ ಆಮ್ಲಗಳ ಪುಟಾಣಿ. ಡಿಎನ್‌ಎಗೆ ತಾನೇ ಅಂಟಿಕೊಳ್ಳಲೂ ಅದಕ್ಕೆ ಬರುವುದಿಲ್ಲ. ನಮ್ಮ ಕೋಶದ ಪ್ರೋಟೀನ್‌ಗಳ ಕೈಲಿ ಕೆಲಸ ಮಾಡಿಸುತ್ತದೆ. ವೈರಸ್ಸಿನ ಜೀನ್‌ಗಳನ್ನು ಓದದಂತೆ ತಡೆಯುವ ಎಸ್‌ಎಂಸಿ5/6 ಎಂಬ ಕಾವಲು ನಮ್ಮಲ್ಲಿದೆ. ಎಚ್‌ಬಿಎಕ್ಸ್ ನಮ್ಮದೇ ಡಿಡಿಬಿ1 ಪ್ರೋಟೀನನ್ನು ಹಿಡಿದು ಆ ಕಾವಲನ್ನೇ ಒಡೆಸಿಹಾಕುತ್ತದೆ. ಇದು ಗೊತ್ತಾಗಿದ್ದು 2016ರಲ್ಲಿ.

ವೈರಸ್ಸಿಗೆ ಬೇಕಿದ್ದದ್ದು ತನ್ನ ಜೀನ್ ನಡೆಯುವುದು, ಅಷ್ಟೇ. ಆದರೆ ಆ ಗಲಾಟೆಯಲ್ಲಿ ನಮ್ಮ ಜೀನ್‌ಗಳೂ ಏರುಪೇರಾಗುತ್ತವೆ. ಐಜಿಎಫ್2 ನೋಡಿ. ಹೊಟ್ಟೆಯಲ್ಲಿರುವ ಮಗು ಬೆಳೆಯಲು ಬೇಕಾದ ಬೆಳವಣಿಗೆ ಅಂಶ ಅದು. ಅದರ ಜೀನ್ ಓದುವುದನ್ನು ಶುರು ಮಾಡಲು ಒಂದಕ್ಕಿಂತ ಹೆಚ್ಚು ಜಾಗಗಳಿವೆ, ಅಂದರೆ ಪ್ರಮೋಟರ್‌ಗಳು. ದೊಡ್ಡವರ ಲಿವರ್ ಬಳಸುವುದು ಪಿ1. ಭ್ರೂಣದ ಕಾಲದ ಪಿ3, ಪಿ4 ಸುಮ್ನೆ ಮಲಗಿರುತ್ತವೆ. ಎಚ್‌ಬಿಎಕ್ಸ್ ನಮ್ಮ ಎಸ್‌ಪಿ1 ಪ್ರೋಟೀನಿನ ಮೂಲಕ ಪಿ4 ಅನ್ನು ಎಬ್ಬಿಸಬಲ್ಲದು. ಐವತ್ತು ವರ್ಷದವರ ಲಿವರಿಗೆ "ಬೆಳೆ" ಎಂಬ ಭ್ರೂಣಕಾಲದ ಆದೇಶ! ಇದೊಂದರಿಂದಲೇ ಕ್ಯಾನ್ಸರ್ ಬರುವುದಿಲ್ಲ, ನಿಜ. ಆದರೆ ಕೆಟ್ಟ ಕೋಶಕ್ಕೆ ಇದು ಒಳ್ಳೆ ಗೊಬ್ಬರ.

ಲಿವರಿಗೆ ತಗುಲುವ ಇನ್ನೊಂದು ವೈರಸ್ ಹೆಪಟೈಟಿಸ್ ಸಿ, ಬಿಯ ಹಾಗೆ ನಮ್ಮ ಡಿಎನ್‌ಎಗೆ ಸೇರಿಕೊಳ್ಳುವುದೇ ಇಲ್ಲ. ಆದರೂ ಅದರ ಕೋರ್ ಪ್ರೋಟೀನ್ ನಮ್ಮ ಕೋಶಗಳ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಹೆಚ್ಚಿಸುತ್ತದೆ. ಲಿವರಿನ ಸ್ಟೆಲೇಟ್ ಎಂಬ ಕೋಶಗಳು ಅದನ್ನು ಕಂಡು ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಸುರಿಯುತ್ತವೆ. ಲಿವರ್ ಗಟ್ಟಿಯಾಗಿ ಕ್ಯಾನ್ಸರಿಗೆ ದಾರಿಯಾಗುವುದು ಹಾಗೆ. ಇದಕ್ಕೆ ಈಗ ವಾಸಿಮಾಡುವ ಮಾತ್ರೆಗಳಿವೆ, ಪುಣ್ಯ.

ಬಿ ಹಾಗಲ್ಲ. ಟೆನೊಫೊವಿರ್‌ನಂಥ ಮಾತ್ರೆ ಹೊಸ ವೈರಸ್ ಹುಟ್ಟುವುದನ್ನು ತಡೆಯುತ್ತದೆ, ಕ್ಯಾನ್ಸರಿನ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ಕೋಶದೊಳಗೆ ಉಳಿದ ವೈರಸ್ ಡಿಎನ್‌ಎಯಿಂದ ಎಚ್‌ಬಿಎಕ್ಸ್ ತಯಾರಾಗುವುದು ಪೂರ್ತಿ ನಿಲ್ಲುವುದಿಲ್ಲ. ರಕ್ತದಲ್ಲಿ ವೈರಸ್ ಕಾಣದಿದ್ದರೂ, ಅಪಾಯ ಜಾಸ್ತಿ ಇರುವವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳುವುದಕ್ಕೆ ಇದೂ ಒಂದು ಕಾರಣ.