ಕೋಶಗಳು ಕೆಳಗಿಳಿದವು ಸರಿ, ಕರೆದದ್ದಕ್ಕೆ ಬಂದವೇ?

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರ ಕೈಗೆ ನಾನು ಮೊದಲು ಕೊಡುವುದು ನ್ಯೂಟ್ರೋಫಿಲ್‌ಗಳ, ಅಂದರೆ ಸೋಂಕಿನ ಜಾಗಕ್ಕೆ ಧಾವಿಸುವ ಬಿಳಿ ರಕ್ತಕಣಗಳ, ವಲಸೆ ಪರೀಕ್ಷೆ. 1962ರಲ್ಲಿ ಬಾಯ್ಡನ್ ರೂಪಿಸಿದ ಹಳೇ ವಿಧಾನ. ಮೇಲಿನ ಅಂಕಣದಲ್ಲಿ ಕೋಶಗಳು, ಕೆಳಗಿನದರಲ್ಲಿ ಐಎಲ್-8ನಂಥ ಕೀಮೋಕೈನ್ (ಕೋಶಗಳನ್ನು ತನ್ನತ್ತ ಕರೆಯುವ ಪ್ರೋಟೀನು), ನಡುವೆ 3 ಮೈಕ್ರೊಮೀಟರ್ ತೂತುಗಳ ಪೊರೆ. ನ್ಯೂಟ್ರೋಫಿಲ್ ಅದಕ್ಕಿಂತ ಮೂರು ನಾಲ್ಕು ಪಟ್ಟು ಅಗಲ. ಆದರೂ ಮೈ ಹಿಂಡಿಕೊಂಡು ನುಸುಳುತ್ತದೆ. ರಕ್ತ ತಾಜಾ ಇರಬೇಕು, ಇವು ಅಲ್ಪಾಯುಷಿಗಳು.

ಕೆಳಗೆ ಎಣಿಕೆ ಚೆನ್ನಾಗಿ ಬಂತೆಂದರೆ ಎಲ್ಲರೂ ನೋಟ್‌ಬುಕ್ಕಿನಲ್ಲಿ ‘ಆಕರ್ಷಣೆ ಆಗಿದೆ’ ಎಂದು ಬರೆದುಬಿಡುತ್ತಾರೆ. ನಾನು ತಡೆಯುವುದು ಅಲ್ಲೇ. ಕೀಮೋಕೈನ್ ತಾಗಿದ ಕೋಶ ಚುರುಕಾಗುತ್ತದೆ. ಹಾಗೆ ಚುರುಕಾದವು ದಿಕ್ಕುದೆಸೆಯಿಲ್ಲದೆ ಅಲೆದರೂ ಒಂದಷ್ಟು ಪೊರೆ ದಾಟಿಯೇ ದಾಟುತ್ತವೆ. ಅದಕ್ಕೇ ಮೇಲೂ ಕೆಳಗೂ ಕೀಮೋಕೈನ್ ಒಂದೇ ಸಾಂದ್ರತೆಯಲ್ಲಿರುವ ಒಂದು ವೆಲ್ (ಪ್ಲೇಟಿನ ಗುಳಿ) ಬೇಕು. ಅಲ್ಲೂ ಅಷ್ಟೇ ಕೋಶಗಳು ಇಳಿದಿದ್ದರೆ ನೀವು ಅಳೆದದ್ದು ಬರೀ ಓಡಾಟ. 1973ರಲ್ಲಿ ಜಿಗ್ಮಂಡ್ ಮತ್ತು ಹಿರ್ಶ್ ಇದನ್ನೇ ವಿಸ್ತರಿಸಿ, ಎರಡೂ ಬದಿಯ ಸಾಂದ್ರತೆಗಳನ್ನು ಬದಲಿಸುತ್ತ ಚೆಕರ್‌ಬೋರ್ಡ್ ಪರೀಕ್ಷೆ ಮಾಡಿದರು. ಅದನ್ನು ಪೂರ್ತಿ ಮಾಡಹೊರಟರೆ ಪ್ಲೇಟೇ ಮುಗಿದುಹೋಗುತ್ತದೆ, ಒಪ್ಪಿದೆ. ಆ ಒಂದು ವೆಲ್ಲನ್ನಂತೂ ಬಿಡಬೇಡಿ.

ಇನ್ನೊಂದು, ಕೀಮೋಕೈನ್ ಜಾಸ್ತಿ ಸುರಿದರೆ ಕೋಶಗಳು ಜಾಸ್ತಿ ಬರುತ್ತವೆಂಬ ನಂಬಿಕೆ. ಕೋಶ ದಾರಿ ಹಿಡಿಯುವುದು ತನ್ನ ಮುಂಬದಿಗೂ ಹಿಂಬದಿಗೂ ಇರುವ ಸಾಂದ್ರತೆಯ ವ್ಯತ್ಯಾಸ ನೋಡಿ. ಶೇಕಡಾ ಒಂದೆರಡರಷ್ಟು ವ್ಯತ್ಯಾಸವಿದ್ದರೂ ಅದಕ್ಕೆ ತಿಳಿಯುತ್ತದೆ. ಕೀಮೋಕೈನನ್ನು ಹಿಡಿದು ಗುರುತಿಸುವ ಕೋಶದ ಗ್ರಾಹಕಗಳೆಲ್ಲ ತುಂಬಿಹೋದರೆ ಯಾವ ಬದಿಯೂ ಒಂದೇ. ಮೇಲಾಗಿ ಕೋಶ ಗ್ರಾಹಕಗಳನ್ನೇ ಒಳಗೆಳೆದುಕೊಂಡು ಕಿವುಡಾಗುತ್ತದೆ. ಹಾಗಾಗಿ ಸಾಂದ್ರತೆ ಹೆಚ್ಚಿದಂತೆ ಎಣಿಕೆಯ ಗ್ರಾಫ್ ಏರಿ, ಮತ್ತೆ ಇಳಿಯುತ್ತದೆ. ಇಳಿದ ಭಾಗವನ್ನು ‘ಫೇಲಾದ ವೆಲ್’ ಎಂದು ಹೊಡೆದುಹಾಕುವವರನ್ನು ಕಂಡರೆ ನನಗೆ ರೇಗುತ್ತದೆ.

ಏಕೆಂದರೆ ದೇಹದೊಳಗೆ ಹೀಗೆ ಕಿವುಡಾಗುವುದಕ್ಕೂ ಒಂದು ಕೆಲಸವಿದೆ. ಗಾಯದ ಜಾಗಕ್ಕೆ ಮೊದಲು ತಲುಪಿದ ನ್ಯೂಟ್ರೋಫಿಲ್‌ಗಳು ಲ್ಯುಕೋಟ್ರೈನ್ ಬಿ4 ಎಂಬ ಕರೆಯುವ ರಾಸಾಯನಿಕವನ್ನು ಹೊರಬಿಟ್ಟು ದೂರದವನ್ನೂ ಕರೆಯುತ್ತವೆ. ಬಂದವು ಮತ್ತಷ್ಟನ್ನು ಕರೆಯುತ್ತವೆ. ಜೀವಂತ ಇಲಿಗಳಲ್ಲಿ ಈ ಮುತ್ತಿಗೆಯ ಚಿತ್ರೀಕರಣ 2013ರಲ್ಲಿ ಪ್ರಕಟವಾಯಿತು. ಹೀಗೆ ಕರೆಯುತ್ತಲೇ ಹೋದರೆ ನಿಲ್ಲಿಸುವವರು ಯಾರು? ಉತ್ತರ 2021ರ ಇಲಿ ಪ್ರಯೋಗದಲ್ಲಿದೆ: ಕರೆ ದಟ್ಟವಾದಲ್ಲಿ ಜಿಆರ್‌ಕೆ2 ಎಂಬ ಕಿಣ್ವ ಗ್ರಾಹಕಗಳನ್ನು ಕಿವುಡಾಗಿಸುತ್ತದೆ, ಕೋಶಗಳು ಅಲ್ಲೇ ನೆಲೆನಿಲ್ಲುತ್ತವೆ. ಆ ಕಿಣ್ವವಿಲ್ಲದ ನ್ಯೂಟ್ರೋಫಿಲ್‌ಗಳು ಇನ್ನೂ ಜೋರಾಗಿ ಮುತ್ತಿದವು, ಸುತ್ತಾಡಿದವು. ಬ್ಯಾಕ್ಟೀರಿಯಾಗಳನ್ನು ತಡೆಯುವುದರಲ್ಲಿ ಮಾತ್ರ ಹಿಂದೆಬಿದ್ದವು.